ಬರೆಯಗೊಡದ ಹಾಡು

ಹುಮನಾಬಾದಿನಲ್ಲಿ ನನ್ನ ತಂಗಿಯ ಮನೆಯುಂಟು. ಕೆಲವು ವರ್ಷಗಳ ಹಿಂದೆ ಅವಳ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆಂದು ನಾನು ಬಸವಕಲ್ಯಾಣದಿಂದ ಅಲ್ಲಿಗೆ ಹೋದೆನು. ಸೋದರತ್ತೆಯು ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರಿದಳು; ನೆರೆದ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು; ಗುಗ್ಗರಿ ಹಂಚಿದ್ದಾಯಿತು. ಗಂಡಸರು ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿರುವಾಗ ಬೀದಿಬಾಗಿಲಲ್ಲಿ ಚಪ್ಪಾಳೆಯ ಸದ್ದಾಯಿತು. ಅದರ ಹಿಂದೆಯೇ ಢೋಲಕಿಯ ಸದ್ದು. ಗಂಡುಕೂಸು ಹುಟ್ಟಿದ ಸುದ್ದಿ ತಿಳಿದು, ಬಧಾಯಿ ಹಾಡಿ ಹರಸಲು ಹಿಜಡಾ ಸಮುದಾಯದವರು ಮೂವರು ಬಂದಿದ್ದರು.

ವಾಚಕರ ಮನೆಗಳಲ್ಲಿಯೂ ಇಂಥ ಪ್ರಸಂಗ ನಡೆದಿರಲಿಕ್ಕೆ ಸಾಕು. ಆಗ ಮನೆಯೊಳಗೆ ಏನಾಗುವದೆಂಬುದನ್ನು ನಾನು ವರ್ಣಿಸಬೇಕಾದುದಿಲ್ಲ. ಗಂಡಸರು ಒಬ್ಬರ ಮುಖವನ್ನೊಬ್ಬರು ನೋಡದೆ ಜೇಬಿಗೆ ಕೈ ಹಾಕುವರು. ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುವರು. ಬೇಗ ಕೊಟ್ಟು ಬೇಗ ಕಳಿಸಿರೆಂದು ಒಳಗಿನಿಂದ ಯಾರೋ ಕೂಗುವರು. ಅಂದೂ ಹಾಗೆಯೇ ಆಯಿತು. ಆದರೆ ಬಂದ ಮೂವರಲ್ಲಿ ಎಪ್ಪತ್ತರ ಆಚೆಯ ಒಬ್ಬ ಹಿರಿಯರಿದ್ದರು. ಅವರು ರೊಕ್ಕದ ಮಾತನ್ನೆತ್ತದೆ ಪಡಸಾಲೆಯ ಕಂಬಕ್ಕೊರಗಿ ಕುಳಿತು, ಕೂಸನ್ನು ಮಡಿಲಲ್ಲಿ ಹಾಕಿಸಿಕೊಂಡು, ಢೋಲಕಿಯನ್ನು ಕೈಸನ್ನೆಯಿಂದ ನಿಲ್ಲಿಸಿ ಒಂದು ಜೋಗುಳವನ್ನು ಹಾಡತೊಡಗಿದರು.

ಆ ಧಾಟಿಯನ್ನು ಕೇಳಿ ನಾನು ಬೆರಗಾದೆನು. ನನ್ನ ತಾಯಿ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು, ತೊಡೆಯ ಮೇಲೆ ನನ್ನ ಕಿರಿಯ ತಮ್ಮನನ್ನು ಮಲಗಿಸಿಕೊಂಡು ಹಾಡುತ್ತಿದ್ದ ಧಾಟಿ ಅದು. ಸೋದರಮಾವ ಬರುವನು, ಉಡದಾರ ತರುವನು. ಅತ್ತೆ ಬರುವಳು, ಕುಂಚಿಗೆ ತರುವಳು. ಹೀಗೆ ತೊಟ್ಟಿಲ ಬಳಿಗೆ ಬಂಧುಗಳೆಲ್ಲರೂ ಒಬ್ಬೊಬ್ಬರಾಗಿ ಬರುವ ಹಾಡು. ತಾಯಿಯ ಹಾಡು ಬಂಧುಗಳು ಮುಗಿದಲ್ಲಿಗೆ ಮುಗಿಯುತ್ತಿತ್ತು. ಈ ಹಿರಿಯರ ಹಾಡಿನಲ್ಲಿ ಮಾತ್ರ ಮುಂದೆ ಇನ್ನೊಂದು ನುಡಿಯಿತ್ತು. ಎಲ್ಲರೂ ಒಳಗೆ ಹೋದ ಮೇಲೆ ಹೊಸ್ತಿಲ ಹೊರಗೆ ಒಬ್ಬಳು ನಿಂತಿರುವಳು; ಅವಳಿಗೆ ಆ ಮನೆಯಲ್ಲಿ ಅತ್ತೆಯೆಂಬ ಹೆಸರಿಲ್ಲ, ಅಕ್ಕನೆಂಬ ಹೆಸರಿಲ್ಲ; ಕೈಯಲ್ಲಿ ತಂದುದು ಏನೂ ಇಲ್ಲ; ಆದುದರಿಂದ ತನ್ನ ಆಯುಷ್ಯದಲ್ಲಿಯೇ ಒಂದು ಪಾಲನ್ನು ಕೂಸಿಗೆ ಕೊಟ್ಟು ಹೋಗುವಳು. ಈ ನುಡಿಯ ಅರ್ಥವನ್ನು ಹೇಳಲು ನನಗೆ ಅಪ್ಪಣೆಯುಂಟು. ಪದಗಳನ್ನು ಬರೆಯಲು ಇಲ್ಲ. ಅದೇಕೆಂಬುದು ಮುಂದೆ ತಿಳಿಯುವದು.

ಮೂವತ್ತು ವರ್ಷಗಳಿಂದ ಬೀಸುವ ಪದ, ಸೋಬಾನ, ಹಂತಿಯ ಹಾಡುಗಳನ್ನು ಕೂಡಿಹಾಕುವ ಹವ್ಯಾಸ ನನಗುಂಟು. ಶಾಲಾಮಾಸ್ತರನಾದ ನನಗೆ ಅದೊಂದೇ ಶ್ರೀಮಂತಿಕೆ. ಜೇಬಿನಲ್ಲಿ ಸದಾ ಇರುವ ವಹಿಯನ್ನು ತೆಗೆದು, "ಅಕ್ಕಾ, ಕಡೆಯ ನುಡಿಯನ್ನು ಇನ್ನೊಮ್ಮೆ ಹೇಳಿರಿ, ಬರೆದುಕೊಳ್ಳುತ್ತೇನೆ" ಎಂದೆನು. ನನ್ನ ಬಾಯಿಂದ 'ಅಕ್ಕಾ' ಎಂಬ ಮಾತು ಬಂದುದಕ್ಕೆ ನಾನೇ ಒಳಗೊಳಗೆ ಹೆಮ್ಮೆಪಟ್ಟುಕೊಂಡೆನೆಂಬುದನ್ನು ಮುಚ್ಚಿಡಲಾರೆನು. ಅವರು ವಹಿಯ ಕಡೆಗೆ ನೋಡಿದರು. ನನ್ನ ಕಡೆಗೆ ನೋಡಿದರು.

"ಬರ್ಕೊಂಡು ಏನ್ ಮಾಡ್ತೀರಿ ಮಾಸ್ತರ್ರೆ? ನಮ್ಮ ಮಂದೀನ ಬರ್ಕೊಂಡವರೆಲ್ಲಾ ನಮ್ಮನ್ನ ಹಿಡೀಲಿಕ್ಕೇ ಬರ್ಕೊಂಡಾರ. ಹಾಡ ಬೇಕಂದ್ರ ಕುಂತು ಕೇಳ್ರಿ."

ಹೀಗೆಂದು ಕೂಸನ್ನು ತಾಯಿಗೆ ಕೊಟ್ಟು, ತಂಗಿಯು ಮರದಲ್ಲಿ ತಂದಿಟ್ಟ ಜೋಳ, ತೆಂಗಿನಕಾಯಿ, ಕುಪ್ಪಸದ ಕಣ, ರೊಕ್ಕಗಳನ್ನು ಸೆರಗಿನಲ್ಲಿ ತೆಗೆದುಕೊಂಡು ಎದ್ದುಹೋದರು. ನನಗೆ ಸಿಟ್ಟೇ ಬಂದಿತು. ಹಾಡನ್ನು ಉಳಿಸಬೇಕೆಂದು ಕೇಳಿದವನಿಗೆ ಈ ಮಾತೇ ಎಂದು ಊರಿಗೆ ಮರಳುವ ಬಸ್ಸಿನಲ್ಲಿ ಸಸ್ತಾಪುರ ಬಂಗ್ಲೆಯವರೆಗೂ ಮನಸ್ಸಿನಲ್ಲಿಯೇ ವಾದಿಸುತ್ತ ಬಂದೆನು.

ಆ ಮಾತಿನ ಅರ್ಥ ನನಗೆ ಹೊಳೆದುದು ೨೦೨೩ನೆಯ ಇಸವಿಯ ಜುಲೈ ತಿಂಗಳಲ್ಲಿ, ವೃತ್ತಪತ್ರಿಕೆಯನ್ನು ಓದುವಾಗ. ತೆಲಂಗಾಣದ ಉಚ್ಚ ನ್ಯಾಯಾಲಯವು ಹಳೆಯದೊಂದು ಕಾಯಿದೆಯನ್ನು ರಾಜ್ಯಾಂಗಕ್ಕೆ ವಿರುದ್ಧವೆಂದು ರದ್ದುಪಡಿಸಿದ ಸುದ್ದಿ ಅದರಲ್ಲಿತ್ತು. ಅದು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿ ಫಸಲಿ ೧೩೨೯ರಲ್ಲಿ, ಎಂದರೆ ೧೯೧೯ರ ಸುಮಾರಿಗೆ, ಹುಟ್ಟಿದ ಕಾಯಿದೆ. ಬ್ರಿಟಿಶರು ೧೮೭೧ರಲ್ಲಿ ಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಎರಡನೆಯ ಭಾಗದ ಹೆಜ್ಜೆಯಲ್ಲಿಯೇ ಅದು ನಡೆದಿತ್ತು. ಹಿಜಡಾಗಳಲ್ಲಿ ಯಾರ ಮೇಲೆ ಸರಕಾರಕ್ಕೆ ಸಂಶಯವೋ ಅವರ ಹೆಸರು, ವಾಸಸ್ಥಳಗಳ ಪಟ್ಟಿಯನ್ನು ಇಡತಕ್ಕದ್ದು. ಪಟ್ಟಿಯಲ್ಲಿ ಹೆಸರು ಬಿದ್ದವರು ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಹಾಡಿದರೆ, ಕುಣಿದರೆ ಅವರನ್ನು ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯನ್ನೂ ಕೊಡಬಹುದು. ನಿಜಾಮರ ರಾಜ್ಯವು ೧೯೪೮ರಲ್ಲಿ ಹೋಯಿತು. ೧೯೫೬ರಲ್ಲಿ ನಮ್ಮ ಬೀದರ ಜಿಲ್ಲೆ ಕನ್ನಡನಾಡನ್ನು ಸೇರಿತು. ಆ ಕಾಯಿದೆಯು ಮಾತ್ರ ಹೈದರಾಬಾದಿನ ಕಡೆಯ ಶಾಸನಗಳ ಕಟ್ಟಿನಲ್ಲಿ ನೂರು ವರ್ಷಗಳಿಗೂ ಮೀರಿ ಉಳಿದಿತ್ತು.

ಕಲ್ಯಾಣಿಯೂ ಹುಮನಾಬಾದವೂ ಆ ಸಂಸ್ಥಾನದೊಳಗಿನ ಊರುಗಳು. ಈ ಹಿರಿಯರ ಗುರುವಿನ ಗುರು ಹೈದರಾಬಾದಿನಲ್ಲಿ ಇದ್ದವರಂತೆ. ಇದನ್ನು ಅವರ ಬಾಯಿಂದಲೇ ನಾನು ಮುಂದೆ ಕೇಳಿದೆನು. ಆ ಸಮುದಾಯದಲ್ಲಿ ತಾಯಿತಂದೆಗಳಿಂದ ಮಕ್ಕಳಿಗೆ ಬರುವ ನೆನಪಿಲ್ಲ. ಗುರುವಿನಿಂದ ಚೇಲಾಗಳಿಗೆ ಬರುವ ನೆನಪುಂಟು. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಆ ಕಾಯಿದೆಯ ಹೆಸರನ್ನು ನಾನು ಎಂದೂ ಓದಿರಲಿಲ್ಲ. ಅವರಲ್ಲಿ ಮೂರು ತಲೆಮಾರು ದಾಟಿ ಬಂದ ಭಯವೇ ಇತಿಹಾಸವಾಗಿ ನಿಂತಿತ್ತು. ಹಾಡುವದೇ ಅಪರಾಧವಾಗಿದ್ದ ಕಾಲವೊಂದನ್ನು ಕಂಡ ಜನಕ್ಕೆ, 'ನಿಮ್ಮ ಹಾಡನ್ನು ಬರೆದುಕೊಳ್ಳುತ್ತೇನೆ' ಎಂಬ ನನ್ನ ಮಾತು ಹೇಗೆ ಕೇಳಿಸಿರಬೇಕು! ದಫ್ತರದವನ ಕೈಯಲ್ಲಿಯೂ ವಹಿಯೇ ಇದ್ದಿತು. ನನ್ನ ಕೈಯಲ್ಲಿಯೂ ವಹಿಯೇ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ತಪ್ಪೆಲ್ಲವನ್ನೂ ಹಳೆಯ ಸರಕಾರದ ಮೇಲೆ ಹೊರಿಸಿ ನಾನು ಕೈತೊಳೆದುಕೊಂಡಂತಾಗುವದು. ಆದುದರಿಂದ ಇನ್ನೊಂದು ಸಂಗತಿಯನ್ನು, ನಾಚಿಕೆಯಿಂದಲೇ, ವಾಚಕರ ಮುಂದೆ ಇಡುತ್ತೇನೆ.

ನನ್ನ ಸೋದರಮಾವಂದಿರಲ್ಲಿ ಒಬ್ಬರು ಲಗ್ನವಾಗದೆ ಉಳಿದವರು. ಕೋಟೆಯ ಕಡೆಯ ಓಣಿಯಲ್ಲಿ ಎರಡು ಖೋಲಿಗಳ ಮನೆಯನ್ನು ಹಿಡಿದು ಇದ್ದರು. ಅವರಿಗೊಬ್ಬ ಗೆಳೆಯರಿದ್ದರು, ಹಾರ್ಮೋನಿಯಂ ನುಡಿಸುವವರು. ಇಪ್ಪತ್ತೆಂಟು ವರ್ಷ ಇಬ್ಬರೂ ಒಂದೇ ಮನೆಯಲ್ಲಿದ್ದರು. ದತ್ತಜಯಂತಿ ಬಂದಿತೆಂದರೆ ಇಬ್ಬರೂ ಕೂಡಿ ಹುಮನಾಬಾದಿನ ಮಾಣಿಕನಗರಕ್ಕೆ ಹೋಗಿ ರಾತ್ರಿಯೆಲ್ಲ ಸಂಗೀತ ಕೇಳಿ, ಕೆಂಪು ಕಣ್ಣುಗಳಿಂದ ಮರಳಿ ಬರುವರು. ಮನೆಯಲ್ಲಿ ಯಾರೂ ಅವರ ಬಗ್ಗೆ ಏನೂ ಕೇಳುತ್ತಿರಲಿಲ್ಲ. ಕೇಳದೆ ಇರುವದೇ ನಮ್ಮ ಸುಸಂಸ್ಕೃತಿಯೆಂದು ತಿಳಿದಿದ್ದೆವು. ಗೆಳೆಯರು ಮೊದಲು ತೀರಿಕೊಂಡರು. ವರ್ಷ ತುಂಬುವದರೊಳಗಾಗಿ, ೧೯೭೮ರಲ್ಲಿ, ಮಾವನವರೂ ಹೋದರು. ಮನೆಯನ್ನು ತೆರವು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ನನಗಾಗ ಇಪ್ಪತ್ತೆರಡು ವರ್ಷ. ಟ್ರಂಕಿನ ತಳದಲ್ಲಿ, ಕೆಂಪು ನೂಲಿನಿಂದ ಕಟ್ಟಿದ ಕಾಗದಗಳ ದೊಡ್ಡದೊಂದು ಕಟ್ಟು ಇದ್ದಿತು. ಕೆಲವು ಕನ್ನಡದಲ್ಲಿ, ಕೆಲವು ಉರ್ದುವಿನಲ್ಲಿ. ನಾಲ್ಕನ್ನು ಓದಿದೆನು. ಅವು ಒಬ್ಬರಿಲ್ಲದೆ ಇನ್ನೊಬ್ಬರಿಗೆ ಊಟ ಸೇರದವರ ಕಾಗದಗಳು.

ಹಿರಿಯರನ್ನು ಕೇಳಿದೆನು. "ಮನೆತನದ ಮರ್ಯಾದೆ" ಎಂದು ಒಂದೇ ಮಾತು ಹೇಳಿದರು. ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಒಂದೊಂದಾಗಿ ಅಲ್ಲ, ಕಟ್ಟನ್ನು ಬಿಚ್ಚದೆಯೇ ಅದರೊಳಗೆ ನೂಕಿದೆನು. ಅಂದು ಸ್ನಾನದ ನೀರು ಚೆನ್ನಾಗಿ ಕಾದಿತ್ತು.

ಅವರನ್ನು ಇಂದಿನ ಯಾವ ಹೆಸರಿನಿಂದ ಕರೆಯಬೇಕೋ ನಾನರಿಯೆನು. ಅದು ಅವರೇ ಹೇಳಬೇಕಾಗಿದ್ದ ಮಾತು. ಅವರು ಹೇಳಿಯೂ ಇದ್ದರು. ಆ ಮಾತನ್ನೇ ನಾನು ಒಲೆಗೆ ಹಾಕಿದೆನು. ಇಂಥ ಪ್ರೇಮವನ್ನು ಅಪರಾಧವೆಂದ ೧೮೬೦ರ ದಂಡಸಂಹಿತೆಯ ೩೭೭ನೆಯ ಕಲಮು ಆಗ ದೇಶದಲ್ಲಿ ಜಾರಿಯಲ್ಲಿದ್ದಿತೆಂಬುದು ನಿಜ. ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದುದು ೨೦೧೮ರ ಸೆಪ್ಟೆಂಬರ ೬ರಂದು. ಆದರೆ ಆ ದಿನ ನನ್ನ ಮನೆಯ ಬಾಗಿಲಿಗೆ ಯಾವ ಪೋಲೀಸನೂ ಬಂದಿರಲಿಲ್ಲ. ಬೆಂಕಿಯೂ ನನ್ನದೇ, ಕೈಯೂ ನನ್ನದೇ. ಬೀದಿಯಲ್ಲಿ ಹಾಡುವವರ ಹೆಸರನ್ನು ಸರಕಾರವು ಪಟ್ಟಿಯಲ್ಲಿ ಬರೆಯಿತು. ಮನೆಯೊಳಗೆ ಇದ್ದವರು ಬರೆದುಕೊಂಡುದನ್ನು ನಾವು ಸುಟ್ಟೆವು. ಎರಡು ಕಡೆಯಲ್ಲಿಯೂ ಅವರ ಸ್ವಂತದ ಮಾತು ಉಳಿಯಲಿಲ್ಲ.

ಕಲ್ಯಾಣದವನಾದ ನಾನು ಇದನ್ನು ಮಾಡಿದೆನೆಂಬುದೇ ಹೆಚ್ಚಿನ ನೋವು. ಯಾಕಂದರೆ ಮಾತು ಹೇಗೆ ಉಳಿಯುವದೆಂಬುದನ್ನು ನಮ್ಮ ಊರಿನಷ್ಟು ಬಲ್ಲ ಊರು ಕನ್ನಡನಾಡಿನಲ್ಲಿ ಇನ್ನೊಂದಿಲ್ಲ. ೧೨ನೆಯ ಶತಮಾನದಲ್ಲಿ ಇಲ್ಲಿ ಮಾತಾಡಿದವರಲ್ಲಿ ಪಂಡಿತರು ಕೆಲವರು. ಉಳಿದವರು ದೋಣಿ ನಡೆಸುವವರು, ಬಟ್ಟೆ ಮಡಿ ಮಾಡುವವರು, ಅಕ್ಕಿ ಆಯುವವರು, ನೂಲುವವರು. ಮೂವತ್ತಕ್ಕೂ ಹೆಚ್ಚು ಹೆಂಗಸರ ವಚನಗಳು ನಮಗೆ ದೊರೆತಿವೆ. ಕಲ್ಯಾಣದಲ್ಲಿ ಕ್ಷೋಭೆಯಾಗಿ ಶರಣರು ಉಳವಿಯ ಕಡೆಗೂ ಇತರ ದಿಕ್ಕುಗಳಿಗೂ ಚದರಿಹೋದರು. ಆದರೂ ಅವರ ಮಾತು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಬಂದಿತು. ಕಳೆದ ಶತಮಾನದಲ್ಲಿ ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ತಾಡೋಲೆಗಳನ್ನು ಕೂಡಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಯಾರೋ ಒಬ್ಬ ಗೃಹಸ್ಥನು ತನ್ನ ಮನೆಯ ಓಲೆಯ ಕಟ್ಟನ್ನು ಹಂಡೆಯ ಒಲೆಗೆ ಹಾಕದೆ ಜಂತೆಯ ಮೇಲೆ ಇಟ್ಟಿದ್ದುದರಿಂದಲೇ ಅದು ಸಾಧ್ಯವಾಯಿತು.

ಬಸವಣ್ಣನವರಿಗಿಂತ ಹಿಂದಿನವರೆಂದು ಅನೇಕ ವಿದ್ವಾಂಸರು ಎಣಿಸುವ ಜೇಡರ ದಾಸಿಮಯ್ಯನವರ ಪ್ರಸಿದ್ಧವಾದ ವಚನವೊಂದನ್ನು ನಾನು ಶಾಲೆಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಮೈಯ ಗುರುತುಗಳನ್ನು ನೋಡಿ ಗಂಡೆಂದೋ ಹೆಣ್ಣೆಂದೋ ಜನರು ಕರೆಯುವರು. ನಡುವೆ ಸುಳಿಯುವ ಆತ್ಮಕ್ಕೆ ಆ ಭೇದವಿಲ್ಲವೆಂಬುದು ಅದರ ತಾತ್ಪರ್ಯ. ಮಕ್ಕಳಿಗೆ ಅದರ ಅರ್ಥವನ್ನು ಬರೆಯಿಸಿ ಅಂಕಗಳನ್ನು ಕೊಟ್ಟೆನು. ಅದೇ ಅರ್ಥವು ಸೀರೆಯುಟ್ಟು ಚಪ್ಪಾಳೆ ತಟ್ಟಿಕೊಂಡು ಬಾಗಿಲಿಗೆ ಬಂದರೆ ಜೇಬಿನಲ್ಲಿ ಚಿಲ್ಲರೆ ಹುಡುಕಿದೆನು. ನಮ್ಮ ಭಾಷೆಯಾದರೂ ನಮಗಿಂತ ಸಜ್ಜನಿಕೆಯುಳ್ಳದ್ದು. 'ಅವನು', 'ಅವಳು' ಎಂಬಲ್ಲಿ ಭೇದವುಂಟು. 'ಅವರು' ಎಂದ ಕೂಡಲೆ ಭೇದ ಹೋಗಿ ಗೌರವವೊಂದೇ ಉಳಿಯುವದು.

ಆ ವಚನದ ಮಾತನ್ನೇ ನೆನಪಿಗೆ ತರುವ ಹೆಸರಿನ ಪುಸ್ತಕವೊಂದು ಈಚೆಗೆ ನನ್ನ ಕೈಸೇರಿತು: 'ನಡುವೆ ಸುಳಿವ ಹೆಣ್ಣು'. ಅದು ಮಂಜಮ್ಮ ಜೋಗತಿಯವರ ಆತ್ಮಕಥೆ. ಬಳ್ಳಾರಿಯ ಸೀಮೆಯಲ್ಲಿ ಗಂಡುಮಗುವೆಂದು ಹುಟ್ಟಿ, ಮಂಜುನಾಥ ಶೆಟ್ಟಿಯೆಂದು ಹೆಸರು ಪಡೆದು, ತಮ್ಮ ಒಳಗಿನ ಹೆಣ್ಣನ್ನು ಅಡಗಿಸಲಾರದೆ, ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯಾದವರು. ಮನೆಯನ್ನು ಕಳೆದುಕೊಂಡರು, ವಿಷವನ್ನೂ ಕುಡಿದರು, ಬದುಕಿ ಉಳಿದು ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ಮಟ್ಟಿಕಲ್ಲು ಬಸಪ್ಪನವರಿಂದಲೂ ಕಾಳವ್ವ ಜೋಗತಿಯವರಿಂದಲೂ ಜೋಗತಿಯ ಕುಣಿತವನ್ನು ಕಲಿತರು. ಎಲ್ಲಮ್ಮನ ಮೂರ್ತಿಯುಳ್ಳ ಕೊಡವನ್ನು ತಲೆಯ ಮೇಲೆ ಹೊತ್ತು, ಕೈಯಿಂದ ಹಿಡಿಯದೆ, ಚೌಡಿಕೆಯ ಗತಿಗೆ ಸರಿಯಾಗಿ ಹೆಜ್ಜೆ ಹಾಕುವ ಕಲೆಯದು. ೨೦೧೦ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. ೨೦೧೯ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀಯನ್ನು ಪಡೆದರು. ಅಂದು ಅವರು ರಾಷ್ಟ್ರಪತಿಗಳ ಮುಂದೆ ನಿಂತು, ತಮ್ಮ ಸಮುದಾಯದ ರೀತಿಯಲ್ಲಿ ಸೆರಗಿನಿಂದ ದೃಷ್ಟಿ ತೆಗೆದು ಹರಸಿದುದನ್ನು ನಾವೆಲ್ಲರೂ ದೂರದರ್ಶನದಲ್ಲಿ ನೋಡಿದೆವು. ಬಾಗಿಲಲ್ಲಿ ನಿಂತವರೆಂದು ನಾವು ತಿಳಿದವರು ರಾಷ್ಟ್ರಪತಿ ಭವನದಲ್ಲಿಯೂ ಬೇಡಲಿಲ್ಲ, ಕೊಟ್ಟರು.

ಆ ಪುಸ್ತಕದಲ್ಲಿ ನನಗೆ ಹೆಚ್ಚಿನದಾಗಿ ತೋರಿದುದು ಅದು ಹುಟ್ಟಿದ ಬಗೆ. ಮಂಜಮ್ಮನವರು ಹೇಳಿದರು, ಜಾನಪದದ ಅಭ್ಯಾಸಿಗಳಾದ ಅರುಣ್ ಜೋಳದಕೂಡ್ಲಿಗಿಯವರು ಕೇಳಿ ಬರೆದರು. ಹೇಳುವವರು ಯಜಮಾನರು; ಬರೆಯುವವರು ಕರಣಿಕರು. ಹೀಗೆಯೇ ಎ. ರೇವತಿಯವರ ದಾರಿ. ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿಗೆ ಬಂದ ಅವರು ಮೊದಲು ಬರೆದುದು ತಮ್ಮ ಕಥೆಯನ್ನಲ್ಲ. ತಮ್ಮಂಥವರ ಬಳಿ ಕುಳಿತು ಅವರ ಬದುಕುಗಳನ್ನು ಕೇಳಿ, ತಮಿಳಿನಲ್ಲಿ ಪುಸ್ತಕ ಮಾಡಿದರು. ಆ ಮೇಲೆ ತಮ್ಮ ಕಥೆಯನ್ನು ಬರೆದರು. ದು. ಸರಸ್ವತಿಯವರ ಅನುವಾದದಿಂದ ಅದು 'ಬದುಕು ಬಯಲು' ಎಂದು ಕನ್ನಡಕ್ಕೆ ಬಂದಿತು. ಹೆಗ್ಗೋಡಿನ ಜನಮನದಾಟ ತಂಡದವರು ಎಂ. ಗಣೇಶರ ನಿರ್ದೇಶನದಲ್ಲಿ ಅದನ್ನು ರಂಗಕ್ಕೆ ತಂದರು. ಬೆಂಗಳೂರಿನ ಪಯಣ ಸಂಸ್ಥೆಯ 'ತಲ್ಕಿ' ಎಂಬ ನಾಟಕದಲ್ಲಿ, ಶ್ರೀಜಿತ್ ಸುಂದರಂ ಅವರ ನಿರ್ದೇಶನದಲ್ಲಿ, ಇಳಿವಯಸ್ಸಿನ ಹಿಜಡಾ ಹಿರಿಯರು ತಾವೇ ರಂಗದ ಮೇಲೆ ನಿಂತು ತಮ್ಮ ಬದುಕನ್ನು ಹೇಳುವರು.

ಪುಸ್ತಕವಿರಲು ನಾಟಕವೇತಕ್ಕೆಂದು ಕೆಲವರು ಕೇಳಬಹುದು. ನಾನೂ ಕೇಳಿಕೊಂಡೆನು. ಪುಸ್ತಕವನ್ನು ಬರೆದವರು ಹೋದ ಮೇಲೆ ಓದುಗನು ಅದರ ಒಡೆಯನಾಗುವನು. ಮಡಚಿ ಇಡಬಹುದು, ಬೇಡದ ಹಾಳೆಯನ್ನು ದಾಟಬಹುದು, ನನ್ನ ಹಾಗೆ ಒಲೆಗೂ ಹಾಕಬಹುದು. ಆಟದಲ್ಲಿ ಹಾಗಿಲ್ಲ. ಎಷ್ಟು ಹೇಳಬೇಕು, ಎಲ್ಲಿ ತಡೆಯಬೇಕು, ಎಲ್ಲಿ ನಗಿಸಬೇಕು ಎಂಬುದು ನಿಂತು ಹೇಳುವವರ ವಶದಲ್ಲಿರುವದು. ನೋಡುವವನು ಕಣ್ಣು ತಪ್ಪಿಸಲಾರನು. ತಪ್ಪಿಸಿದರೆ ಪಕ್ಕದವನಿಗೆ ತಿಳಿಯುವದು. ತೊಟ್ಟಿಲ ಮನೆಯಲ್ಲಿ ಕೈಸನ್ನೆಯಿಂದ ಢೋಲಕಿಯನ್ನು ನಿಲ್ಲಿಸಿದ ಆ ಹಿರಿಯರೂ ಮಾಡಿದುದು ಇದನ್ನೇ.

ಹೀಗೆ ಹೇಳಿದುದರಿಂದ ದಾಖಲೆಯೇ ಬೇಡವೆಂದು ನನ್ನ ಅಭಿಪ್ರಾಯವೆಂದು ತಿಳಿಯಬಾರದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ 'ಕಮ್ರಾ' ಎಂಬ ಸಂಗ್ರಹವುಂಟು. ಚಿತ್ರನಿರ್ದೇಶಕಿ ಟಿ. ಜಯಶ್ರೀಯವರು ಹಲವು ವರ್ಷ ತೆಗೆದ ಚಿತ್ರಗಳೂ ಸಂದರ್ಶನಗಳೂ ಅದರ ಅಡಿಗಲ್ಲು. ದೂರದ ಅರ್ಜೆಂಟೀನಾ ದೇಶದಲ್ಲಿ ಮಾರಿಯಾ ಬೆಲೆನ್ ಕೊರ್ರೇಯಾ ಎಂಬವರು ೨೦೧೨ರಲ್ಲಿ ತಮ್ಮಂಥ ಹೆಂಗಸರ ಭಾವಚಿತ್ರಗಳನ್ನೂ ಕಾಗದಗಳನ್ನೂ ಕೂಡಿಸಲು ಆರಂಭಿಸಿದರು. ಜೊತೆಗಾರರಲ್ಲಿ ಎಷ್ಟೋ ಮಂದಿ ಅಕಾಲದಲ್ಲಿ ಹೋದುದರಿಂದ, ಉಳಿದವರು ಒಬ್ಬರನ್ನೊಬ್ಬರು ಹುಡುಕುವದಕ್ಕೂ ಅದು ದಾರಿಯಾಯಿತು. ಅಲ್ಲಿ ಕಾಗದಗಳನ್ನು ಕಾಯುವವರು ಆ ಕಾಗದಗಳ ಬಳಗದವರೇ. ಪಟ್ಟಿಗೂ ನೆನಪಿಗೂ ಇರುವ ಅಂತರ ಇದೇ ಎಂದು ನನಗೆ ತೋರುತ್ತದೆ. ಪಟ್ಟಿಯಲ್ಲಿ ಹೆಸರು ಬಿದ್ದವನು ಅದನ್ನು ತೆಗೆಯಿಸಲಾರನು. ನೆನಪನ್ನು ಕೊಟ್ಟವರಾದರೆ 'ಇದು ಬೇಡ' ಎಂದು ಹಿಂದಕ್ಕೆ ತೆಗೆದುಕೊಳ್ಳಬಲ್ಲರು. ತಾನು ಯಾರೆಂಬುದನ್ನು ಹೇಳಿಕೊಳ್ಳುವ ಅಧಿಕಾರವು ಅವರವರದೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರ ಏಪ್ರಿಲ್ ೧೫ರಂದು ನಾಲ್ಸಾ ಮೊಕದ್ದಮೆಯಲ್ಲಿ ಹೇಳಿತು. ಸಂಗ್ರಹಕಾರನು ನೆನಪಿಡತಕ್ಕದ್ದೂ ಅದೇ ಮಾತು.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಮತ್ತೆ ಹುಮನಾಬಾದಿಗೆ ಹೋದೆನು. ವಹಿಯನ್ನು ಮನೆಯಲ್ಲಿಯೇ ಬಿಟ್ಟಿದ್ದೆನು. ತಂಗಿಯೇ ಅವರ ಮನೆಯನ್ನು ಕೇಳಿ ತಿಳಿದು, ನನ್ನನ್ನು ಕರೆದುಕೊಂಡು ಹೋದಳು. ಹೊರಗಿನ ಕಟ್ಟೆಯ ಮೇಲೆ ಕುಳಿತು, ಟ್ರಂಕಿನ ಸಂಗತಿಯನ್ನು ಮೊದಲು ಹೇಳಿದೆನು. ನಲವತ್ತೈದು ವರ್ಷ ನಾನು ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಅವರು ಅಡಕೊತ್ತಿನಲ್ಲಿ ಅಡಿಕೆಯನ್ನು ಕತ್ತರಿಸುತ್ತ ಕೇಳಿದರು. ಕ್ಷಮಿಸಿದೆನೆಂದೂ ಹೇಳಲಿಲ್ಲ, ಛೀ ಎಂದೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಪ್ರಶ್ನೆ ಕೇಳಿದರು.

"ಆ ಪೇಟಿ ನುಡಸವರು ನಿಮ್ಮ ಮಾಮಾಗ ಯಾವ ಹಾಡ ಹಾಡ್ತಿದ್ರು?"

ನನಗೆ ಉತ್ತರ ಬರಲಿಲ್ಲ. ಮೂವತ್ತು ವರ್ಷ ಊರೂರು ಅಲೆದು ಹಾಡುಗಳನ್ನು ಕೂಡಿಸಿದವನಿಗೆ ತನ್ನ ಮಾವನ ಮನೆಯಲ್ಲಿ ಸಂಜೆಗಳಲ್ಲಿ ಏನು ಹಾಡುತ್ತಿದ್ದರೆಂಬುದು ಗೊತ್ತಿರಲಿಲ್ಲ.

ಆ ದಿನದಿಂದ ತಿಂಗಳಿಗೊಮ್ಮೆ ಹೋಗತೊಡಗಿದೆನು. 'ಹೇಳತೇನಿ, ಆದರ ನನ್ನ ಮಾತಿನಂಗ ನಡೀಬೇಕು' ಎಂದು ಅವರು ಕರಾರುಗಳನ್ನು ಹಾಕಿದರು. ಹೆಸರು, ಓಣಿ ಎಲ್ಲಿಯೂ ಬರಕೂಡದು. ಧ್ವನಿಯನ್ನು ಹಿಡಿಯುವದಾದರೆ ಅವರ ಚೇಲಾಳ ಮೊಬೈಲಿನಲ್ಲಿ ಹಿಡಿಯಬೇಕು, ನನ್ನದರಲ್ಲಿ ಅಲ್ಲ. ಹೇಳಿದುದರಲ್ಲಿ ಯಾವುದನ್ನು ಅಳಿಸೆಂದರೂ ಆಗಲೇ ಅಳಿಸಬೇಕು. ಅವರು ಒಂದು ಹಾಡು ಹಾಡಿದರೆ ನಾನೂ ನನ್ನ ತಾಯಿಯದೊಂದನ್ನು ಹಾಡಬೇಕು. ಕಡೆಯ ಕರಾರು ಎಲ್ಲಕ್ಕೂ ಕಠಿಣವಾಗಿತ್ತು. ನನ್ನ ಶಾರೀರವನ್ನು ಕೇಳಿ ಚೇಲಾಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಒಂದು ದಿನ ಹಿರಿಯರು ತಮ್ಮನ್ನು ಮನೆಯಿಂದ ಹೊರಹಾಕಿದ ರಾತ್ರಿಯ ಸಂಗತಿಯನ್ನು ಅರ್ಧ ಗಂಟೆ ಹೇಳಿದರು. ಮುಗಿಸಿ, "ಅಳಸ್ರಿ" ಎಂದರು. ಅಳಿಸಿದೆವು. ಅದು ಈಗ ಎಲ್ಲಿಯೂ ಇಲ್ಲ, ಇಲ್ಲಿಯೂ ಬರೆಯುವದಿಲ್ಲ. ಸಂಗ್ರಹಕಾರನಾದ ನನಗೆ ಆಗ ಕರುಳು ಕಿತ್ತಂತಾಯಿತು. ಆದರೆ ಅದರ ಮರುದಿನದಿಂದ ಅವರು ಇನ್ನೂ ಬಿಚ್ಚುಮನಸ್ಸಿನಿಂದ ಮಾತಾಡತೊಡಗಿದರೆಂಬುದನ್ನೂ ಹೇಳಬೇಕು.

ವಾಚಕರಲ್ಲಿ ನನ್ನ ವಿಜ್ಞಾಪನೆ ಹೆಚ್ಚಿನದೇನಲ್ಲ. ನಮ್ಮ ನಮ್ಮ ಮನೆಗಳಲ್ಲಿ ಲಗ್ನವಾಗದ ಒಬ್ಬ ಚಿಕ್ಕಪ್ಪ, ಗೆಳತಿಯೊಡನೆಯೇ ಬಾಳಿದ ಒಬ್ಬ ಸೋದರತ್ತೆ, ಸಣ್ಣ ವಯಸ್ಸಿನಲ್ಲಿ ಮನೆ ಬಿಟ್ಟುಹೋಗಿ ಹೆಸರೆತ್ತಬಾರದವನಾದ ಒಬ್ಬ ಅಣ್ಣ ಇದ್ದಿರಬಹುದು. ಅವರು ಇಂಥವರೇ ಎಂದು ನಾವು ಹೆಸರಿಡುವದು ಬೇಡ. ಅದೂ ಒಂದು ಬಗೆಯ ಪಟ್ಟಿಯೇ. ಟ್ರಂಕು ಸಿಕ್ಕರೆ ಸುಡದಿರೋಣ. ಇರುವವರು ಇದ್ದರೆ, ಬಳಿಯಲ್ಲಿ ಕುಳಿತು, ಅವರು ಹೇಳಿದಷ್ಟನ್ನೇ ಕೇಳೋಣ.

ಆ ಹಿರಿಯರು ಕಳೆದ ವರ್ಷ ತೀರಿಕೊಂಡರು. ಜೋಗುಳದ ಕಡೆಯ ನುಡಿಯನ್ನು ಬರೆಯಲು ಅವರು ಕೊನೆಯವರೆಗೂ ಅಪ್ಪಣೆ ಕೊಡಲಿಲ್ಲ. ಚೇಲಾಳಿಗೆ ಮಾತ್ರ ನನ್ನೆದುರಿನಲ್ಲಿಯೇ ಹಾಡಿ ಹಾಡಿ ಕಲಿಸಿದರು. ಈ ಯುಗಾದಿಯ ನಂತರ ತಂಗಿಯ ನೆರೆಮನೆಯಲ್ಲಿ ತೊಟ್ಟಿಲ ಕಾರ್ಯವಾಯಿತು. ಹೆಣ್ಣುಕೂಸು, ಆದರೂ ಆ ಮನೆಯವರೇ ಹೇಳಿಕಳಿಸಿ ಚೇಲಾಳನ್ನು ಕರೆಯಿಸಿದ್ದರು. ಅವಳು ಅದೇ ಕಂಬಕ್ಕೊರಗುವ ರೀತಿಯಲ್ಲಿ ಕುಳಿತು, ಅದೇ ಕೈಸನ್ನೆಯಿಂದ ಢೋಲಕಿಯನ್ನು ನಿಲ್ಲಿಸಿ ಹಾಡಿದಳು. ಕಡೆಯ ನುಡಿಯಲ್ಲಿ ಒಂದು ಪದ ಬೇರೆಯಾಗಿತ್ತು. ಗುರುವಿನ ಹಾಡಿನಲ್ಲಿ ಹೊಸ್ತಿಲ ಹೊರಗೆ ನಿಂತಿದ್ದವಳು ಚೇಲಾಳ ಹಾಡಿನಲ್ಲಿ ತೊಟ್ಟಿಲ ಬಳಿ ಕುಳಿತಿದ್ದಳು. ಮರೆತು ಹೀಗೆ ಹಾಡಿದಳೋ ಏನೋ ಎಂದು ಆ ಮೇಲೆ ಕೇಳಿದೆನು.

"ಮರ್ತಿಲ್ರಿ ಮಾಸ್ತರ್ರೆ," ಎಂದಳು. "ನಮ್ಮ ಗುರು ಹಾಡುವಾಗ ಹೊರಗ ನಿಂದರಸ್ತಿದ್ರು. ನನ್ನ ಇವರು ಒಳಗ ಕರದು ಕುಂದರ್ಸ್ಯಾರಲ್ರಿ."

ಅಭ್ಯಾಸಬಲದಿಂದ ನನ್ನ ಕೈ ಜೇಬಿಗೆ ಹೋಯಿತು. ವಹಿಯಿರಲಿಲ್ಲ. ಕೂಸಿನ ಅಜ್ಜಿ ಎಲ್ಲರಿಗೂ ಗುಗ್ಗರಿ ಕೊಡುತ್ತ ಬಂದಳು; ನಾವಿಬ್ಬರೂ ಕೈಯೊಡ್ಡಿ ತೆಗೆದುಕೊಂಡೆವು.